ಗಾಳಿ ಬೇಡದ ಪೇಟಿ

ಪಿಯಾನೋ ಕೊಳ್ಳುವುದು ಬದನೆಕಾಯಿ ಕೊಂಡಷ್ಟೇ ಸುಲಭದ ಕೆಲಸ ಎಂದು ನಾನು ತಿಳಿದಿದ್ದೆ. ಹಾಗೆ ತಿಳಿಯಲು ನನಗೆ ಕಾರಣವೂ ಇತ್ತು, ಹಕ್ಕೂ ಇತ್ತು. ನಾನು ಟಿಕೋಟಾದ ಪೇಟಿ ಮಾಸ್ತರನ ಮಗಳು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಪಿಯಾನೋ ಅಂದರೆ ಮತ್ತೇನು ಮಹಾ? ಗಾಳಿ ಬೇಡದ, ಸ್ವಲ್ಪ ಉದ್ದನೆಯ ಪೇಟಿ. ಅದನ್ನು ಆರಿಸಲು ನನಗಿಂತ ಯೋಗ್ಯರು ವಿಜಯಪುರದಲ್ಲಿ ಯಾರಿದ್ದಾರೆ ಎಂದು ನನ್ನನ್ನೇ ಕೇಳಿಕೊಂಡೆ. ಯಾರೂ ಇಲ್ಲ ಎಂದು ನಾನೇ ಉತ್ತರ ಕೊಟ್ಟುಕೊಂಡೆ.

ಅಪ್ಪನ ಕಸುಬು ಹೊಲಿಗೆ. ಹಗಲೆಲ್ಲ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಅಂಗಿ, ಪಾಯಿಜಾಮ ಹೊಲಿಯುತ್ತಿದ್ದ. ಸಂಜೆಯಾದರೆ ನಮ್ಮ ಪಡಸಾಲೆಯಲ್ಲಿ ಭಜನಾ ಮಂಡಳಿ ಸೇರುತ್ತಿತ್ತು. ಅಪ್ಪ ಪೇಟಿಯನ್ನು ಮುಂದಿಟ್ಟುಕೊಂಡು, ಎಡಗೈ ಕೊಡವಿ, ಮುಖ ಕಿವುಚಿ, ಕೈ ನೋಯುತ್ತಿದೆ ಎಂದು ನನ್ನನ್ನು ಕೂಗುತ್ತಿದ್ದ. ಪೇಟಿ ಬಾರಿಸಲು ಎರಡೂ ಕೈ ಬೇಕು. ಬಲಗೈ ಮುಂದಿನ ಪಟ್ಟಿಗಳ ಮೇಲೆ ಬೆರಳಾಡಿಸಬೇಕು, ಎಡಗೈ ಹಿಂದಿನ ತಿದಿ ಒತ್ತಿ ಗಾಳಿ ಹಾಕಬೇಕು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತ ಮನುಷ್ಯನ ಕೈ ಸಂಜೆಗೆ ನೋಯುವುದು ಸಹಜವೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಹೀಗಾಗಿ ಅಪ್ಪನ ಎಡಗೈ ನಾನಾದೆ. ಶಾಲೆಗೆ ಹೋಗುವ ಕಾಲದಿಂದ ಹಿಡಿದು ಮದುವೆಯಾಗುವವರೆಗೂ ಆ ಹುದ್ದೆ ನನ್ನದೇ.

ಆ ಸಂಜೆಗಳಷ್ಟು ಸುಖ ನಾನು ಮುಂದೆ ಯಾವತ್ತೂ ಕಂಡಿಲ್ಲ. ಅಪ್ಪನ ಅಂಗಿಯಿಂದ ಮಷಿನ್ ಎಣ್ಣೆಯ ವಾಸನೆ ಬರುತ್ತಿತ್ತು. ತಿದಿಯ ಸಂದಿಯಿಂದ ತಣ್ಣನೆಯ ಗಾಳಿ ಬಂದು ಕೆನ್ನೆಗೆ ತಾಕುತ್ತಿತ್ತು. ಬಬಲೇಶ್ವರದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ಹುಸೇನಸಾಬ ಕಾಕಾ ಕಣ್ಣು ಮುಚ್ಚಿ ತತ್ವಪದ ಎತ್ತಿಕೊಂಡರೆ ಓಣಿಯ ನಾಯಿಗಳೂ ಸುಮ್ಮನಾಗುತ್ತಿದ್ದವು. ಹಾಡು ಮುಗಿದ ಮೇಲೆ ಅಪ್ಪ ನನ್ನ ಬೆನ್ನ ಮೇಲೆ ಒಂದು ಸಲ ಕೈಯಾಡಿಸುತ್ತಿದ್ದ. ಇಂಥ ಸಂಜೆಗಳನ್ನು ಅಷ್ಟು ವರ್ಷ ಕಂಡ ಮೇಲೆ ಪೇಟಿ ನನಗೆ ಬರುತ್ತದೆ ಎಂಬ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ. ಬೆರಳಿಟ್ಟು ನೋಡುವ ಸಂದರ್ಭ ಮಾತ್ರ ಬಂದಿರಲಿಲ್ಲ.

ಈಗ ಅಪ್ಪ ಇಲ್ಲ. ವರ್ಷಕ್ಕೊಮ್ಮೆ ಅವನ ಪುಣ್ಯತಿಥಿಗೆ ಟಿಕೋಟಾದಲ್ಲಿ ತಮ್ಮನ ಮನೆಯಲ್ಲಿ ಮಂಡಳಿಯ ಉಳಿದ ನಾಲ್ಕು ಹಿರಿಯರು ಸೇರಿ ಪದ ಹಾಡುತ್ತಾರೆ. ಅಪ್ಪನ ಪೇಟಿಯ ತಿದಿಯನ್ನು ಇಲಿಗಳು ತಿಂದು ಮುಗಿಸಿವೆ. ಹೋದ ವರ್ಷ ತಮ್ಮ ತನ್ನ ಮೊಬೈಲಿನಲ್ಲಿ ಶ್ರುತಿ ಹಚ್ಚಿಕೊಟ್ಟ. ಹುಸೇನಸಾಬ ಕಾಕಾ ಸಂಸಾರ ನಶ್ವರ ಎಂಬಲ್ಲಿಗೆ ಬಂದು ಧ್ವನಿ ಏರಿಸುವ ಹೊತ್ತಿಗೆ ಸರಿಯಾಗಿ ಅದೇ ಮೊಬೈಲಿಗೆ, ತಮ್ಮನ ದ್ರಾಕ್ಷಿ ಬೆಳೆ ಕೊಳ್ಳುವ ದಲಾಲನ ಫೋನ್ ಬಂತು. ಶ್ರುತಿ ನಿಂತು ಸಿನೆಮಾ ಹಾಡು ಶುರುವಾಯಿತು. ಕಾಕಾ ಹಾಡು ನಿಲ್ಲಿಸಿ ನೀರು ಕೇಳಿದರು, ಆಮೇಲೆ ಹಾಡಲೇ ಇಲ್ಲ.

ಅವರ ಮುಖ ನೋಡಲಾಗದೆ ನಾನು ಆವತ್ತೇ ಎಲ್ಲರೆದುರು ಘೋಷಿಸಿಬಿಟ್ಟೆ: ಬರುವ ವರ್ಷ ವಾದ್ಯ ನಾನು ತರುತ್ತೇನೆ, ನಾನೇ ಬಾರಿಸುತ್ತೇನೆ, ಕಾಕಾ ಅಪ್ಪನ ಮೆಚ್ಚಿನ ಪದ ಹಾಡಬೇಕು. ಕಾಕಾ ಒಪ್ಪಿದರು. ತನಗೆ ಈಗ ವಯಸ್ಸಾಯಿತು, ಇನ್ನೊಂದು ವರ್ಷದ ಮಟ್ಟಿಗೆ ಧ್ವನಿ ಕಾಯ್ದಿಟ್ಟುಕೊಳ್ಳುತ್ತೇನೆ ಎಂದರು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ನಮ್ಮ ಮನೆ ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದೆ. ನಾನು ನಿವೃತ್ತ ಶಿಕ್ಷಕಿ, ನಮ್ಮನಿಯವರು ಕರೆಂಟ್ ಆಫೀಸಿನಿಂದ ನಿವೃತ್ತರು. ಅವರಿಗೆ ವಿಷಯ ತಿಳಿಸಿದಾಗ, ಹೊಸ ಪೇಟಿಯನ್ನೇ ಯಾಕೆ ತರಬಾರದು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ನನ್ನ ಉತ್ತರ ಸಿದ್ಧವಿತ್ತು.

‘ಜನ್ಮ ಪೂರ್ತಿ ಗಾಳಿ ಹಾಕೀನ್ರಿ. ಈ ಸಲ ಬೆರಳ ಆಡಸ್ತೀನಿ.’

ನಮ್ಮನಿಯವರು ಪೇಪರ್ ಮಡಚಿಟ್ಟರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ವಾದ್ಯದ ಅಂಗಡಿ ಊರಲ್ಲಿ ಹೊಸದಾಗಿ ತೆರೆದಿತ್ತು. ಒಳಗೆ ತಣ್ಣಗೆ ಎ.ಸಿ. ಟೈ ಕಟ್ಟಿದ ಮಾರಾಟಗಾರ ನಮಸ್ಕಾರ ಮಾಡಿ, ಕಲಿಯುವವರು ಯಾರು, ಮೊಮ್ಮಕ್ಕಳೋ ಎಂದು ವಿಚಾರಿಸಿದ. ನಾನೇ ಎಂದೆ. ಬಿಗಿನರ್ರೋ ಇಂಟರ್ಮೀಡಿಯೆಟ್ಟೋ ಎಂದು ಕೇಳಿದ. ಇಷ್ಟು ವರ್ಷದ ಅನುಭವ ಬೆನ್ನಿಗಿಟ್ಟುಕೊಂಡು ಬಿಗಿನರ್ ಅನ್ನಲು ನಾಲಿಗೆ ಹೊರಳಲಿಲ್ಲ. ಗಂಭೀರವಾಗಿ ‘ಇಂಟರ್ಮೀಡಿಯೆಟ್’ ಅಂದೆ. ನಮ್ಮನಿಯವರಿಗೆ ಕೆಮ್ಮು ಬಂತು.

ಆ ಒಂದು ಮಾತಿನ ಬೆಲೆ ಆಮೇಲೆ ತಿಳಿಯಿತು. ಬಿಗಿನರ್ ಅಂದಿದ್ದರೆ ಅರವತ್ತೊಂದು ಕೀಗಳ, ತೊಡೆಯ ಮೇಲೆ ಇಟ್ಟುಕೊಳ್ಳಬಹುದಾದ ಹಗುರ ಯಂತ್ರ ಸಿಗುತ್ತಿತ್ತು. ಇಂಟರ್ಮೀಡಿಯೆಟ್ ಎಂಬ ಪದವಿಗೆ ಎಂಬತ್ತೆಂಟು ಕೀಗಳಿರುವ, ನಮ್ಮ ಅಡುಗೆಮನೆಯ ಕಟ್ಟೆಯಷ್ಟು ಉದ್ದದ ಪಿಯಾನೋ ಬೇಕಂತೆ. ಮೇಲಾಗಿ ಅದರ ಕೀಗಳಿಗೆ ತೂಕ ಇರಬೇಕಂತೆ. ಹಗುರ ಕೀಗಳ ಮೇಲೆ ಕಲಿತ ಬೆರಳು ಮುಂದೆ ನಿಜವಾದ ಪಿಯಾನೋ ಸಿಕ್ಕಾಗ ಸೋಲುತ್ತದಂತೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯಬೇಕಂತೆ. ಒಂದೇ ಸಲಕ್ಕೆ ನೂರಾ ಇಪ್ಪತ್ತೆಂಟು ಸ್ವರ ಹೊರಡಿಸಬಲ್ಲದು ಎಂದ. ನನಗಿರುವುದು ಹತ್ತು ಬೆರಳು, ಅದರಲ್ಲಿ ಎರಡಕ್ಕೆ ಸಂಧಿವಾತ ಎಂದು ನಾನು ಹೇಳಲಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ ಬಾರಿಸುವವರಿಗೆ ಬಿಟ್ಟು ಮನೆಯಲ್ಲಿ ಇನ್ನೊಬ್ಬರಿಗೆ ಕೇಳುವುದಿಲ್ಲ ಎಂದಾಗ ಅಲ್ಲಿಯವರೆಗೆ ಆಕಳಿಸುತ್ತಿದ್ದ ನಮ್ಮನಿಯವರು ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಪಿಯಾನೋದಲ್ಲಿ ಅವರಿಗೆ ಮನಸ್ಸಿಗೆ ಬಂದ ಭಾಗ ಅದೊಂದೇ.

‘ಬಾರಿಸಿ ನೋಡ್ರಿ ಮೇಡಂ’ ಎಂದು ಮಾರಾಟಗಾರ ಸ್ಟೂಲು ಸರಿಸಿದ. ಕೂತೆ. ಬಲಗೈಯನ್ನು ಕೀಗಳ ಮೇಲಿಟ್ಟೆ. ಎಡಗೈ ನನ್ನನ್ನು ಕೇಳದೆಯೇ ಪಿಯಾನೋದ ಹಿಂದಕ್ಕೆ ಹೋಗಿ ತಡಕಾಡತೊಡಗಿತು. ಮಾರಾಟಗಾರ, ಪ್ಲಗ್ ಹಿಂದಿಲ್ಲ, ಬಾಜೂಕಿದೆ ಎಂದ. ನಾನು ಕೈ ಎಳೆದುಕೊಂಡು ಸೆರಗು ಸರಿಮಾಡಿಕೊಂಡೆ. ಮತ್ತೊಮ್ಮೆ ಬೆರಳಿಟ್ಟೆ. ಎಡಗೈ ಮತ್ತೆ ಹಿಂದಕ್ಕೆ ಹೋಯಿತು. ವಿಚಾರ ಮಾಡಿ ತಿಳಿಸುತ್ತೇನೆ ಎಂದು ಎದ್ದುಬಿಟ್ಟೆ.

ಮನೆಗೆ ಬಂದು ವಿಚಾರ ಮಾಡಿದೆ. ನನ್ನ ವಿಚಾರದಲ್ಲಿ ಉಳಿದಿದ್ದು ಒಂದೇ ಸಂಗತಿ. ಹಾಡುಗಾರರಲ್ಲಿ ಒಬ್ಬೊಬ್ಬರ ಧ್ವನಿ ಒಂದೊಂದು ಎತ್ತರಕ್ಕೆ ಕೂಡುತ್ತದೆ. ನಮ್ಮ ಭಜನೆಯವರು ಅದನ್ನು ಪೇಟಿಯ ಪಟ್ಟಿ ಎಣಿಸಿ ಹೇಳುತ್ತಾರೆ. ಒಬ್ಬನದು ಬಿಳಿ ಒಂದು, ಇನ್ನೊಬ್ಬನದು ಬಿಳಿ ನಾಲ್ಕು. ಹುಸೇನಸಾಬ ಕಾಕಾರದು ಕರಿ ಎರಡು, ಅಂದರೆ ಎರಡನೆಯ ಕಪ್ಪು ಪಟ್ಟಿ. ಯಾವ ಸುರ ಬೇಕಾದರೂ ಹೊಂದಿಸಿಕೊಡುತ್ತೇವೆ ಎಂದು ಅಂಗಡಿಯವ ಹೇಳಿದ್ದ. ಮರುದಿನ ಫೋನ್ ಮಾಡಿದೆ.

‘ನಿನ್ನೆ ನೋಡಿದ್ದ ಇರಲಿ. ಖರೇ ನನಗ ಕರಿ ಎರಡು ಬೇಕು. ಹಂಗ ತಯಾರ ಮಾಡಿ ಕಳಸ್ರಿ.’

‘ಕರಿ ಎರಡ ಏನ್ರಿ ಮೇಡಂ?’

‘ಹೌದು. ಬಿಳಿ ಬ್ಯಾಡ.’

ಇದ್ದಕ್ಕಿದ್ದಂತೆ ಅವನ ಧ್ವನಿಯಲ್ಲಿ ಗೌರವ ಹೆಚ್ಚಾಯಿತು. ಕರಿ ಎರಡು ಬೇಕೆಂದರೆ ಹುಬ್ಬಳ್ಳಿಯಿಂದ ತರಿಸಬೇಕಾಗುತ್ತದೆ, ಒಂದು ವಾರ ಕೊಡಿ ಎಂದ. ಸುರ ಹೊಂದಿಸಲು ಹುಬ್ಬಳ್ಳಿಯವರೆಗೂ ಹೋಗುವ ಅವನ ನಿಷ್ಠೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಈಗಿನ ಕಾಲದಲ್ಲೂ ಇಂಥವರಿದ್ದಾರೆ ಎಂದು ನಮ್ಮನಿಯವರಿಗೂ ಹೇಳಿದೆ.

ವಾರದ ಮೇಲೆ ಗಾಡಿ ಬಂತು. ನಾನು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಇಬ್ಬರು ಆಳುಗಳು ಉದ್ದನೆಯ ಪೆಟ್ಟಿಗೆಯೊಂದನ್ನು ಇಳಿಸಿ ಪಡಸಾಲೆಗೆ ತಂದಿಟ್ಟರು. ಆರತಿ ಬೆಳಗಿದೆ. ಅವರು ಹೊರಗೆ ಹೋಗಿ ಅಷ್ಟೇ ಉದ್ದದ ಇನ್ನೊಂದು ಪೆಟ್ಟಿಗೆ ತಂದರು. ಸ್ಟ್ಯಾಂಡ್ ಇರಬೇಕು ಎಂದುಕೊಂಡು ಅದಕ್ಕೂ ಕುಂಕುಮ ಹಚ್ಚಿದೆ. ಅದು ಸ್ಟ್ಯಾಂಡ್ ಆಗಿರಲಿಲ್ಲ.

ಎರಡು ಕರಿ ಪಿಯಾನೋ! ಅಂಗಡಿಗೆ ಫೋನ್ ಹಚ್ಚಿದರೆ ಅವನು ಬಹಳ ಶಾಂತವಾಗಿ, ‘ಕರಿ ಎರಡು ಅಂದ್ರಲ್ರಿ ಮೇಡಂ, ನಾ ತಿರುಗಿ ಕೇಳೀನಲ್ರಿ’ ಎಂದ. ಕೇಳಿದ್ದು ನಿಜ. ಅವನಿಗೆ ಭಜನೆಯವರ ಲೆಕ್ಕ ಗೊತ್ತಿರಲಿಲ್ಲ, ನನಗೆ ಅಂಗಡಿಯವರ ಲೆಕ್ಕ ಗೊತ್ತಿರಲಿಲ್ಲ. ನಮ್ಮನಿಯವರು ಎರಡೂ ಪೆಟ್ಟಿಗೆಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪುಣ್ಯಕ್ಕೆ ಕಾಕಾರದು ಬಿಳಿ ನಾಲ್ಕು ಅಲ್ಲ ಎಂದರು.

ಒಡೆಯದ ಪೆಟ್ಟಿಗೆಯನ್ನು ಮುಂದಿನ ಗಾಡಿಗೆ ಒಯ್ಯುತ್ತೇವೆ ಎಂದು ಅಂಗಡಿಯವ ಒಪ್ಪಿದ. ಅಲ್ಲಿಯವರೆಗೆ ಅದು ಪಡಸಾಲೆಯಲ್ಲೇ ಬಿದ್ದಿತ್ತು, ನಮ್ಮನಿಯವರು ಅದರ ಮೇಲೆ ಮಧ್ಯಾಹ್ನದ ನಿದ್ದೆ ರೂಢಿ ಮಾಡಿಕೊಂಡರು. ನಾವು ಸಂಗೀತದ ಕ್ಲಾಸು ತೆರೆಯುತ್ತಿದ್ದೇವೆ ಎಂದು ಓಣಿಯಲ್ಲಿ ಸುದ್ದಿಯಾಯಿತು. ಎದುರು ಮನೆಯವಳು ಮಗಳನ್ನು ಕರೆದುಕೊಂಡು ಬಂದು ನನ್ನ ಕಾಲಿಗೆ ಬೀಳಿಸಿದಳು. ನಾನು ಆಶೀರ್ವಾದ ಮಾಡಿದೆ. ಬೇರೆ ದಾರಿ ಇರಲಿಲ್ಲ.

ಇನ್ನು ಅಭ್ಯಾಸ. ಹೆಡ್‌ಫೋನ್ ಹಾಕಿಕೊಂಡು, ಅಪ್ಪನ ಮೆಚ್ಚಿನ ಪದವನ್ನು ಮನಸ್ಸಿನಲ್ಲಿ ಎತ್ತಿಕೊಂಡು, ಬೆರಳಿಗೆ ಅಪ್ಪಣೆ ಕೊಟ್ಟೆ. ಒಳಗೆ ಪದ ಪೂರ್ತಿಯಾಗಿ ಹರಿಯುತ್ತಿತ್ತು. ಎಲ್ಲಿ ಏರುತ್ತದೆ, ಎಲ್ಲಿ ಉಸಿರು ತಡೆಯುತ್ತದೆ, ಎಲ್ಲಿ ಅಪ್ಪ ತಲೆ ಅಲ್ಲಾಡಿಸುತ್ತಿದ್ದ, ಎಲ್ಲವೂ ಗೊತ್ತು. ಗೊತ್ತಿದ್ದುದು ಎಡಗೈಗೆ. ಬಲಗೈ ಬೆರಳುಗಳು ಹೊಸ ಸೊಸೆಯಂತೆ ತಲೆ ತಗ್ಗಿಸಿ ನಿಂತುಬಿಟ್ಟವು. ಎಡಗೈ ಮಾತ್ರ ಹಿಂದಿನಿಂದ ಪಿಯಾನೋವನ್ನು ಉತ್ಸಾಹದಿಂದ ನೂಕುತ್ತಿತ್ತು. ನುಣುಪು ಟೈಲ್ಸ್ ಮೇಲೆ, ಆಮೇಲೆ ಬಂದಿದ್ದ ಸ್ಟ್ಯಾಂಡ್ ಒಂದೊಂದೇ ಗೇಣು ಜರುಗುತ್ತಿತ್ತು. ಪಡಸಾಲೆಯ ಈ ಗೋಡೆಗೆ ಶುರುವಾದ ಪಲ್ಲವಿ ಆ ಗೋಡೆಗೆ ಮುಗಿಯುತ್ತಿತ್ತು. ನಮ್ಮನಿಯವರು ಸ್ಟ್ಯಾಂಡನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿದರು.

ಆಗ ನನಗೆ ನಿಜವಾಗಿಯೂ ದುಃಖವಾಯಿತು. ಪೇಟಿ ಮಾಸ್ತರನ ಮಗಳಿಗೆ ಪೇಟಿ ಬರುವುದಿಲ್ಲ ಎಂಬ ಸುದ್ದಿ ನನಗೆ ತಿಳಿದದ್ದು ಈ ವಯಸ್ಸಿನಲ್ಲಿ. ಟಿಕೋಟಾದಲ್ಲಿ ಯಾರಿಗೂ ಹೇಳಲಿಲ್ಲ. ಪಾತ್ರೆ ತಿಕ್ಕುವಾಗ, ತರಕಾರಿ ಹೆಚ್ಚುವಾಗ, ಬೆರಳುಗಳಿಗೆ ಸ್ವರ ಹೇಳಿಕೊಡುತ್ತಲೇ ಇದ್ದೆ. ಪುಣ್ಯತಿಥಿ ಹತ್ತಿರ ಬರುವಷ್ಟರಲ್ಲಿ ಪದದ ಮೊದಲ ಸಾಲು ಕುಂಟುತ್ತಾ ಕೈಗೆ ಬಂತು. ಅಂಗಡಿಯವ ಬಂದು ಯಾವುದೋ ಗುಂಡಿ ಒತ್ತಿ, ಬಿಳಿ ಒಂದನ್ನು ಒತ್ತಿದರೆ ಕರಿ ಎರಡರ ಸುರ ನುಡಿಯುವಂತೆ ಹೊಂದಿಸಿಕೊಟ್ಟ. ನನಗೆ ಬರುತ್ತಿದ್ದುದು ಬಿಳಿಯಲ್ಲಿ ಮಾತ್ರ. ನಮ್ಮನಿಯವರು ಆ ಕೀ ಮೇಲೆ ಗುರುತಿಗೆಂದು ಕೆಂಪು ಟೇಪು ಅಂಟಿಸಿದರು.

ಅವರ ಚಿಂತೆಯೆಲ್ಲ ಕರೆಂಟಿನದೇ ಆಗಿತ್ತು. ಟಿಕೋಟಾದಲ್ಲಿ ಭಜನೆಯ ಹೊತ್ತಿಗೇ ಕರೆಂಟ್ ಹೋಗುತ್ತದೆ, ಇಲಾಖೆಯ ಒಳಗಿನ ಸತ್ಯ ತಮಗೆ ಗೊತ್ತು ಎಂದು ಇನ್ವರ್ಟರು, ಬ್ಯಾಟರಿ, ಎಂಟು ಮೊಳ ವೈರು ಎಲ್ಲ ಹೊರಡಿಸಿದರು. ಪಿಯಾನೋಕ್ಕಿಂತ ಅದರ ಸರಂಜಾಮೇ ಜಾಸ್ತಿಯಾಗಿ ಸಣ್ಣ ಗೂಡ್ಸ್ ಗಾಡಿ ಮಾಡಿಕೊಂಡು ಹೋದೆವು. ಆ ದಿನ ಟಿಕೋಟಾದಲ್ಲಿ ಕರೆಂಟ್ ಒಂದು ಗಳಿಗೆಯೂ ಹೋಗಲಿಲ್ಲ.

ಪೂಜೆ ಮುಗಿಯಿತು. ಅಪ್ಪನ ಫೋಟೋದ ಮುಂದೆ ನೆಲದ ಮೇಲೆಯೇ ಪಿಯಾನೋ ಇಟ್ಟೆವು. ಅರ್ಧ ಪಡಸಾಲೆ ಅದೇ ಹಿಡಿಯಿತು, ಜನ ಬಾಗಿಲಲ್ಲಿ ನಿಂತರು. ಹುಸೇನಸಾಬ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೋಲೂರಿಕೊಂಡು ಬಂದು ನನ್ನ ಬದಿಗೆ ಕೂತರು. ಒಂದು ವರ್ಷ ಕಾಯ್ದಿಟ್ಟುಕೊಂಡ ಧ್ವನಿಯನ್ನು ಕೆಮ್ಮಿ ಸರಿಮಾಡಿಕೊಂಡು ಸುರ ಕೇಳಿದರು. ನಾನು ಕೆಂಪು ಟೇಪಿನ ಕೀ ಒತ್ತಿದೆ. ಕಾಕಾ ಹಣೆ ಗಂಟಿಕ್ಕಿದರು. ಅದು ಬಿಳಿ ಒಂದು ಆಗಿಯೇ ನುಡಿಯಿತು. ಪ್ಲಗ್ ತೆಗೆದರೆ ಅಂಗಡಿಯವ ಹೊಂದಿಸಿಕೊಟ್ಟದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಅವನು ಒತ್ತಿದ್ದ ಗುಂಡಿ ಹುಡುಕಿದೆ. ಎಲ್ಲ ಗುಂಡಿಗಳೂ ಒಂದೇ ಥರ ಇದ್ದವು. ದೇವರ ಮೇಲೆ ಭಾರ ಹಾಕಿ ಒಂದನ್ನು ಒತ್ತಿದೆ. ಪಿಯಾನೋ ತಾನೇ ಬಾರಿಸಿಕೊಳ್ಳತೊಡಗಿತು! ಹತ್ತು ಜನ ಒಟ್ಟಿಗೆ ಬಾರಿಸಿದಂಥ, ಯಾವುದೋ ದೇಶದ ಮದುವೆಯ ಸಂಗೀತ. ಮುಟ್ಟದೆಯೇ ಸಂಗೀತ ಹೊರಡುತ್ತಿದ್ದುದನ್ನು ಕಂಡು ಬಾಗಿಲಲ್ಲಿದ್ದ ಮುದುಕಿಯೊಬ್ಬಳು ಅಪ್ಪನ ಫೋಟೋಕ್ಕೆ ಕೈಮುಗಿದಳು. ನಾನು ಸಿಕ್ಕ ಸಿಕ್ಕ ಗುಂಡಿ ಒತ್ತಿದೆ. ಸಂಗೀತದ ಹಿಂದೆ ಡೋಲು ಕೂಡಿಕೊಂಡಿತು. ಕೊನೆಗೆ ನಮ್ಮನಿಯವರು ಎದ್ದು ಹೋಗಿ ಪ್ಲಗ್ ಕಿತ್ತರು. ಆ ದಿನ ಟಿಕೋಟಾದಲ್ಲಿ ಕರೆಂಟ್ ತೆಗೆದವರು ಅವರೊಬ್ಬರೇ.

ಕಾಕಾ ಅಷ್ಟೂ ಹೊತ್ತು ಮರ್ಯಾದೆಯಿಂದ ಕಣ್ಣು ಮುಚ್ಚಿ ಕೇಳಿದರು. ಆಮೇಲೆ, ‘ಚಲೋ ಐತಿ. ಈಗ ನಮ್ದು ಹಾಡೋಣೇನವ್ವಾ?’ ಎಂದರು. ಅದೆಲ್ಲ ಬಿಟ್ಟು ಕರಿ ಎರಡು ಒಂದನ್ನೇ ಒತ್ತಿ ಹಿಡಿ, ಸಾಕು ಎಂದರು.

ನಮ್ಮನಿಯವರು ಮತ್ತೆ ಪ್ಲಗ್ ಹಾಕಿದರು, ನಾನು ಒತ್ತಿ ಹಿಡಿದೆ. ಪೇಟಿಯ ಸ್ವರ ಗಾಳಿ ಇರುವ ತನಕ ಇರುತ್ತದೆ. ಪಿಯಾನೋದ ಸ್ವರ ಒತ್ತಿದ ಗಳಿಗೆಯಿಂದಲೇ ಕ್ಷೀಣಿಸುತ್ತಾ ಹೋಗುತ್ತದೆ. ಮನೆಯಲ್ಲಿ ಎಡವುತ್ತಾ ಬಾರಿಸುವಾಗ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಕಾಕಾ ಪದ ಎತ್ತಿಕೊಂಡರು. ಅರ್ಧ ಸಾಲಿಗೆ ಬರುವಷ್ಟರಲ್ಲಿ ಸ್ವರ ಸತ್ತುಹೋಯಿತು. ಮತ್ತೆ ಒತ್ತಿದೆ. ಮತ್ತೆ ಸತ್ತಿತು. ಸಾಯುವ ಸ್ವರವನ್ನು ಉಳಿಸಲು ನನ್ನ ಎಡಗೈ ಪಿಯಾನೋದ ಹಿಂದೆ ಜೋರು ಜೋರಾಗಿ ಗಾಳಿ ಹಾಕತೊಡಗಿತು. ಹಾಕಬೇಡ ಎಂದರೂ ಕೇಳಲಿಲ್ಲ. ಪಿಯಾನೋ ನನ್ನ ಕಡೆಗೆ ಜರುಗುತ್ತಾ ಬಂತು, ನಾನು ಕೂತಲ್ಲೇ ಹಿಂದಕ್ಕೆ ಜರುಗಿದೆ, ಕಾಕಾ ಹಾಡುತ್ತಾ ನನ್ನ ಜೊತೆ ಜರುಗಿದರು. ತಮ್ಮನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಆದರೂ ಕಾಕಾ ನಿಲ್ಲಿಸಲಿಲ್ಲ. ಕೊನೆಯ ನುಡಿಯವರೆಗೂ, ಧ್ವನಿ ನಡುಗಿದರೂ, ಅಪ್ಪನ ಪದ ಪೂರ್ತಿ ಹಾಡಿದರು.

ಊಟಕ್ಕೆ ಕೂತಾಗ ನಾನು ತಲೆ ಎತ್ತಲಿಲ್ಲ. ಅಪ್ಪನ ಹೆಸರು ಕೆಡಿಸಿದೆ, ಅಷ್ಟು ವರ್ಷ ಅವನ ಕೈಯಾಗಿದ್ದೂ ಒಂದು ಸಾಲು ಕಲಿಯಲಿಲ್ಲ ಎಂದು ಕಾಕಾರ ಮುಂದೆ ಹೇಳಿಕೊಂಡೆ. ಕಾಕಾ ನನ್ನ ಎಡಗೈಯನ್ನೇ ನೋಡುತ್ತಾ ನಗತೊಡಗಿದರು.

‘ನಿಮ್ಮಪ್ಪನ ಕೈಗೆ ಏನಾಗಿತ್ತ ಯವ್ವಾ? ಏನೂ ಆಗಿದ್ದಿಲ್ಲ. ಊರೂರಿಗೆ ಹೋದಾಗ ತಾನ ಗಾಳಿ ಹಾಕ್ಕೊಂಡು ತಾನ ಬಾರಸ್ತಿದ್ದ. ಮನ್ಯಾಗಷ್ಟ ಕೈ ನೋವು.’

ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲೇ ಇಟ್ಟೆ. ಯಾಕೆ ಎಂದು ಕೇಳಿದೆ.

‘ನಾನೂ ಕೇಳಿದ್ದೆ. ಕೈ ನೋವು ಅಂದ್ರ ಹುಡುಗಿ ನನ್ನ ಬಾಜೂಕ ಕುಂದರತಾಳ, ಇಲ್ಲಂದ್ರ ಅವರವ್ವ ರೊಟ್ಟಿ ಬಡ್ಯಾಕ ಒಳಗ ಕರೀತಾಳ ಅಂದ.’

ನನ್ನ ಕಣ್ಣು ತುಂಬಿ ತಾಟು ಮಸುಕಾಯಿತು. ಬೇಕಿಲ್ಲದ ಒಂದು ಹುದ್ದೆಯನ್ನು ನನಗಾಗಿಯೇ ಹುಟ್ಟಿಸಿ, ಅಷ್ಟು ವರ್ಷ ದಿನಾ ಸಂಜೆ ಮುಖ ಕಿವುಚಿದ್ದನಲ್ಲ ಆ ಮನುಷ್ಯ! ಹಾಗಿದ್ದರೆ ಬೆರಳಾಡಿಸುವುದನ್ನು ಯಾಕೆ ಕಲಿಸಲಿಲ್ಲ ಎಂದು ಅಳುತ್ತಲೇ ಕೇಳಿದೆ.

‘ಕಲಸಬೇಕಂತ ಭಾಳ ನೋಡಿದ. ನೀ ಪದ ಎತ್ತೋದರಾಗ ನಿದ್ದಿ ಹೊಡೀತಿದ್ದಿ. ಕೈ ಮಾತ್ರ ಗಾಳಿ ಹಾಕತಿತ್ತು.’

ಪಂಕ್ತಿಯೆಲ್ಲ ನಕ್ಕಿತು. ಅಳುತ್ತಿದ್ದ ನಾನೂ ನಕ್ಕೆ. ನಮ್ಮನಿಯವರು ಮಾತ್ರ ನಗಲಿಲ್ಲ. ತಮ್ಮನ ಹೆಂಡತಿ ಬಡಿಸಿದ್ದ ತೆಳ್ಳನೆಯ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಾ, ಬಹಳ ದಿನಗಳ ಸಂಶಯ ಪರಿಹಾರವಾದವರಂತೆ ಮೆಲ್ಲಗೆ ಹೇಳಿದರು:

‘ಇವಳ ಕೈಯಾಗ ರೊಟ್ಟಿ ಯಾಕ ಹಂಗ ಆಕ್ಕಾವ ಅಂತ ಇವತ್ತ ತಿಳೀತ ನೋಡ್ರಿ ಕಾಕಾ.’

ಮದುವೆಯಾದಂದಿನಿಂದ ಈ ಮನುಷ್ಯ ನನ್ನ ರೊಟ್ಟಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಚೆನ್ನಾಗಿವೆ ಎಂದೇ ನಾನು ತಿಳಿದಿದ್ದೆ.